ಗಡಿಯ ಮೇಲೆ ಕುಳಿತ ಅಂಕಿ

ಗಡಿನಾಡಿನ ಸಂಸಾರಗಳಿಗೆಲ್ಲ ಒಂದು ಅನುಭವ ಸಾಮಾನ್ಯವಾದುದು. ಮನೆ ಒಂದು ರಾಜ್ಯದಲ್ಲಿ, ಹೊಲ ಇನ್ನೊಂದು ರಾಜ್ಯದಲ್ಲಿ. ತವರು ಆಚೆ, ಅತ್ತೆಮನೆ ಈಚೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸಂದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗೆರೆ ಎಳೆದದ್ದು ಒಂದು ದಿನದ ಕೆಲಸ. ಗೆರೆಯ ಮೇಲೆ ಕುಳಿತವರ ಓಡಾಟ ತಲೆಮಾರುಗಳದ್ದು. ಇಂಥವರೊಬ್ಬರು ಯಾವುದೋ ದಾಖಲೆಗಾಗಿ ಕಚೇರಿಯ ಮೆಟ್ಟಿಲು ಹತ್ತಿದರೆ ಅವರಿಗೆ ಮೂರು ಬಗೆಯ ಉಪಚಾರ ದೊರೆಯುವುದುಂಟು. ಒಬ್ಬ ಗುಮಾಸ್ತನು ಎರಡೂ ಕಡೆಯ ಕಡತಗಳನ್ನು ತಾನೇ ತರಿಸಿ, ಜೋಡಿಸಿ, ಕೆಲಸ ಮುಗಿಸಿಕೊಡುತ್ತಾನೆ. ಸ್ವಲ್ಪ ತಡವಾಗುತ್ತದೆ, ಅಷ್ಟೆ. ಇನ್ನೊಬ್ಬನು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬಾಗಿಲಲ್ಲೇ ತಡೆಯುತ್ತಾನೆ. ಮೂರನೆಯವನು ಏನನ್ನೂ ಹೇಳದೆ, ಅರ್ಧ ನಮ್ಮದೂ ಅರ್ಧ ನೆರೆಯವರದೂ ಆದ ಒಂದು ಕಾಗದಕ್ಕೆ ಮೊಹರು ಒತ್ತಿ ಕೈಗಿಡುತ್ತಾನೆ. ಮೂವರಲ್ಲಿ ಹೆಚ್ಚು ಅಪಾಯಕಾರಿ ಯಾರೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಣಕಯಂತ್ರದ ಒಳಗೂ ಇಂಥ ಗಡಿಗಳಿವೆ. ಅವುಗಳ ಮೇಲೆ ಕುಳಿತ ಅಂಕಿಗಳಿಗೂ ಇದೇ ಮೂರು ಬಗೆಯ ಉಪಚಾರ ನಡೆಯುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಪುಟ್ಟ ಸಂಸ್ಥೆಯೊಂದರ ಲೆಕ್ಕಪತ್ರದಲ್ಲಿ ಎದ್ದ ಗೊಂದಲ, ಅದರಿಂದ ಒಬ್ಬ ಹಿರಿಯ ಹೆಣ್ಣುಮಗಳ ಹೆಸರಿಗೆ ತಗಲಲಿದ್ದ ಕಳಂಕ, ನಮಗೆ ಈ ಪಾಠವನ್ನು ಹೇಳಿಕೊಟ್ಟವು. ಈಗ ಗಡಿಯಾಚೆಯ ಅನೇಕ ಕನ್ನಡ ಮನೆಗಳಲ್ಲಿ ಗಣಕವಿದ್ಯೆ ಕಲಿತ ಮಕ್ಕಳಿದ್ದಾರೆ; ಕಲಿಯದ ಹಿರಿಯರೂ ಇದ್ದಾರೆ. ಇಬ್ಬರಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ನಿವೇದಿಸುತ್ತಿದ್ದೇವೆ.

ಕಾಸರಗೋಡು, ರಾಯದುರ್ಗ, ಜತ್ತ, ಆದೋನಿ ಈ ನಾಲ್ಕು ಊರುಗಳ ಕೆಲವು ಕನ್ನಡ ಕುಟುಂಬಗಳು ಸೇರಿ ಒಂದು ವಿದ್ಯಾನಿಧಿಯನ್ನು ನಡೆಸುತ್ತ ಬಂದಿವೆ. ವರ್ಷಕ್ಕೊಮ್ಮೆ ಪ್ರತಿಯೊಂದು ಮನೆಯವರೂ ಕೈಲಾದಷ್ಟು ಕೊಡುವುದು. ಆ ಹಣದಿಂದ ಕನ್ನಡ ಶಾಲೆಯಲ್ಲಿ ಓದುವ ಮಕ್ಕಳಿಗೆ ಪುಸ್ತಕವನ್ನೋ ಶುಲ್ಕವನ್ನೋ ಒದಗಿಸುವುದು. ಲೆಕ್ಕವೆಲ್ಲ ಕೆಂಪು ಬಟ್ಟೆಯ ರಟ್ಟಿನ ವಹಿಗಳಲ್ಲಿತ್ತು. 2010ರಲ್ಲಿ ಅದನ್ನು ಗಣಕಕ್ಕೆ ಏರಿಸಲಾಯಿತು. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಬರೆದವನು ನಮ್ಮ ಸೋದರಳಿಯ. ಆದೋನಿಯ ವಹಿಯನ್ನು ಏರಿಸಿದವರು ಅಲ್ಲಿನ ನಿವೃತ್ತ ಶಿಕ್ಷಕಿಯೊಬ್ಬರು. ಊರೆಲ್ಲ ಅವರನ್ನು 'ಅಕ್ಕೋರು' ಎಂದು ಕರೆಯುತ್ತದೆ. ನಾವೂ ಹಾಗೆಯೇ ಕರೆಯುತ್ತೇವೆ. ಎಪ್ಪತ್ತು ದಾಟಿದ ಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿ, ತಮ್ಮ ಊರಿನ ಲೆಕ್ಕವನ್ನು ತಾವೇ ಬರೆದು ಮುಗಿಸಿದ ಛಲವಂತೆ ಅವರು.

ಮೊದಲ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಮರುವರ್ಷ ಹಿತೈಷಿಗಳೊಬ್ಬರು ಅಂಗೈಯಗಲದ ಒಂದು ಯಂತ್ರವನ್ನು ನಿಧಿಗೆ ಕೊಡುಗೆಯಾಗಿ ಕೊಟ್ಟರು. ಅದಕ್ಕೆ ವಿದ್ಯುತ್ತು ತೀರ ಕಡಿಮೆ ಸಾಕು. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ನಮ್ಮ ಊರುಗಳಿಗೆ ಅದು ವರದಾನವೇ ಸರಿ. ಅಳಿಯನು ಅದೇ ಪ್ರೋಗ್ರಾಮನ್ನು, ಅದೇ ಲೆಕ್ಕದ ಕಡತವನ್ನು ಹೊಸ ಯಂತ್ರಕ್ಕೆ ಸಾಗಿಸಿದನು. ವಾರ್ಷಿಕ ವರದಿ ಅಚ್ಚಾಗಿ ಬಂತು. ಕಾಸರಗೋಡಿನ ಲೆಕ್ಕ ಪೈಸೆಗೆ ಪೈಸೆ ಸರಿ; ರಾಯದುರ್ಗದ್ದು ಸರಿ; ಜತ್ತದ್ದು ಸರಿ. ಆದೋನಿಯಲ್ಲಿ 500 ರೂಪಾಯಿ ಕೊಟ್ಟ ಮನೆಯವರ ಹೆಸರಿನ ಮುಂದೆ 321,61,71,252 ರೂಪಾಯಿ ಎಂದಿತ್ತು. 251 ರೂಪಾಯಿ ಕೊಟ್ಟವರದು 321,61,71,259. 100 ರೂಪಾಯಿ ಕೊಟ್ಟ ಬಡ ನೇಕಾರರೊಬ್ಬರದು 321,61,71,108. ಮೂರು ನೂರು ಇಪ್ಪತ್ತೊಂದು ಕೋಟಿ! ಸಭೆಯಲ್ಲಿ ಮೊದಲು ನಗು ಎದ್ದಿತು. ಆಮೇಲೆ ಪಿಸುಮಾತು ಎದ್ದಿತು.

ಪಿಸುಮಾತಿನ ತಾತ್ಪರ್ಯ ಇಷ್ಟು: ಯಂತ್ರ ಒಂದೇ, ಪ್ರೋಗ್ರಾಮು ಒಂದೇ, ಮೂರು ಊರುಗಳದು ಸರಿಯಿದ್ದು ಒಂದು ಊರಿನದು ಮಾತ್ರ ಕೆಟ್ಟಿದ್ದರೆ ಆ ಊರಿನ ಲೆಕ್ಕ ಬರೆದವರಲ್ಲೇ ದೋಷವಿರಬೇಕು. ವಯಸ್ಸಾದವರು, ಏನೋ ಒತ್ತಲು ಹೋಗಿ ಏನೋ ಒತ್ತಿದ್ದಾರೆ. ಮುಂದಿನ ವರ್ಷದಿಂದ ಆದೋನಿಯ ವಹಿಯನ್ನು ಯಾರಾದರೂ ತರುಣರಿಗೆ ವಹಿಸುವುದು ಲೇಸು ಎಂದು ಒಬ್ಬರು ಸೂಚಿಸಿಯೂಬಿಟ್ಟರು. ತರ್ಕ ಮೇಲುನೋಟಕ್ಕೆ ಬಿಗಿಯಾಗಿಯೇ ಇತ್ತು. ಅಕ್ಕೋರು ವಾದಿಸಲಿಲ್ಲ. ಕೈಚೀಲದಿಂದ ಹಳೆಯ ವಹಿಯನ್ನು ತೆಗೆದು ಮೇಜಿನ ಮೇಲಿಟ್ಟು, "ನಾನು ಬರೆದದ್ದು ಇದರಾಗ ಐತ್ರಿ. ಮಿಷನ್ನು ಏನು ಓದೈತೋ ಅದನ್ನ ಮಿಷನ್ನಿಗೇ ಕೇಳ್ರಿ" ಎಂದರು.

ಆ ಮಾತಿನಲ್ಲಿ ಇಡೀ ಸಮಸ್ಯೆಯ ಕೀಲಿ ಇತ್ತು. ಬರೆದದ್ದು ಬೇರೆ, ಓದಿದ್ದು ಬೇರೆ. ಕಡತವನ್ನು ಮತ್ತೆ ಹಳೆಯ ಯಂತ್ರದಲ್ಲಿ ತೆರೆದು ನೋಡಿದರೆ ಆದೋನಿಯ ಲೆಕ್ಕವೂ ಅಚ್ಚುಕಟ್ಟಾಗಿ 500, 251, 100 ಎಂದೇ ಇತ್ತು. ಕಡತದಲ್ಲಿ ಒಂದು ಚುಕ್ಕೆಯೂ ಅತ್ತಿತ್ತ ಆಗಿರಲಿಲ್ಲ. ಹಾಗಾದರೆ ಹೊಸ ಯಂತ್ರವು ಒಂದು ಊರಿನ ಮೇಲೆ ಮಾತ್ರ ಮುನಿದದ್ದೇಕೆ?

ಇದನ್ನು ತಿಳಿಯಲು ಯಂತ್ರದ ಸ್ಮೃತಿಕೋಶ, ಅಂದರೆ ಎಲ್ಲರೂ ಮೆಮೊರಿ ಎನ್ನುವುದು, ಹೇಗಿದೆಯೆಂದು ಸ್ವಲ್ಪ ನೋಡಬೇಕು. ಅದೊಂದು ಉದ್ದನೆಯ ಬೀದಿಯೆಂದು ಭಾವಿಸೋಣ. ಬೀದಿಯಲ್ಲಿ ಒಂದೇ ಅಳತೆಯ ಪುಟ್ಟ ಮನೆಗಳು. ಒಂದೊಂದು ಮನೆಗೂ 0, 1, 2, 3 ಎಂದು ಕ್ರಮವಾಗಿ ನಂಬರು. ಈ ಮನೆಗೆ ಬೈಟು ಎಂದು ಹೆಸರು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆಗೆ ಸಾಮಾನ್ಯವಾಗಿ ನಾಲ್ಕು ಮನೆಗಳನ್ನು ಒಟ್ಟಾಗಿ ಕೊಡುತ್ತಾರೆ. ಪ್ರೊಸೆಸರ್ ಎಂಬ ಯಜಮಾನನು ಬೀದಿಗೆ ಬಂದಾಗ ಒಂದೊಂದೇ ಬಾಗಿಲು ತಟ್ಟುವುದಿಲ್ಲ. ನಾಲ್ಕು ಮನೆಗಳ ಒಂದು ವಠಾರವನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುತ್ತಾನೆ. 0ಯಿಂದ 3 ಒಂದು ವಠಾರ, 4ರಿಂದ 7 ಇನ್ನೊಂದು, 12ರಿಂದ 15 ಮತ್ತೊಂದು. ಸಂಖ್ಯೆಯು 4ರಿಂದ ಭಾಗವಾಗುವ ಮನೆಯಲ್ಲಿ ಆರಂಭವಾದರೆ ಒಂದೇ ವಠಾರದೊಳಗೆ ನೆಮ್ಮದಿಯಾಗಿ ಇರುತ್ತದೆ. 15ನೆಯ ಮನೆಯಲ್ಲಿ ಆರಂಭವಾಯಿತೆನ್ನಿ. ಅದರ ಒಂದು ಪಾಲು ಈ ವಠಾರದಲ್ಲಿ, ಉಳಿದ ಮೂರು ಪಾಲು ಮುಂದಿನ ವಠಾರದಲ್ಲಿ. ಇದೇ ಗಡಿಯ ಮೇಲೆ ಕುಳಿತ ಅಂಕಿ. ಇದನ್ನು ಒಂದೇ ಏಟಿಗೆ ಓದಲು ಹೋಗುವುದೇ ಸಾಲು ತಪ್ಪಿದ ಓದು.

ಅಳಿಯನ ಪ್ರೋಗ್ರಾಮಿನಲ್ಲಿ ಪ್ರತಿ ಕುಟುಂಬಕ್ಕೂ 128 ಮನೆಗಳ ಒಂದು ಸ್ಥಾನ. ಅದರಲ್ಲಿ ಮೊದಲು ಊರಿನ ಹೆಸರು. ಹೆಸರು ಮುಗಿದ ಕೂಡಲೇ ತೆರಪಿಲ್ಲದೆ ಮೊತ್ತ. ಆಮೇಲೆ ಕುಟುಂಬದ ಹೆಸರು. ಊರಿನ ಹೆಸರು ಎಷ್ಟು ಉದ್ದವೆಂಬುದು ಸ್ಥಾನದ ಕೊನೆಯ ಮನೆಯಲ್ಲಿ. ಗುಟ್ಟು ಹೊರಬಿದ್ದದ್ದು ಅಕ್ಕೋರ ಕಣ್ಣಿನಿಂದಲೇ. ಕಡತವನ್ನೂ ವಹಿಯನ್ನೂ ಸಾಲು ಸಾಲಾಗಿ ಹೋಲಿಸುತ್ತ ಕುಳಿತಾಗ, ಆದೋನಿಯ ಅಷ್ಟೂ ಮನೆಗಳ ನಡುವೆ ಒಂದೇ ಒಂದು ಮನೆಯ ಮೊತ್ತ ಹೊಸ ಯಂತ್ರದಲ್ಲೂ 501 ಎಂದು ಸರಿಯಾಗಿ ಬಂದಿರುವುದನ್ನು ಅವರು ತೋರಿಸಿದರು. ಆ ಸಾಲಿನಲ್ಲಿ 'ಆದೋನಿ' ಎಂದು ಬರೆದ ಮೇಲೆ ಒಂದು ಖಾಲಿ ಜಾಗ ಬಿದ್ದಿತ್ತು. ಮಿಕ್ಕ ಯಾವ ಸಾಲಿನಲ್ಲೂ ಅದು ಇರಲಿಲ್ಲ. ಒಂದು ತೆರಪು ಬಿಟ್ಟರೆ ಲೆಕ್ಕ ಸರಿಹೋಗುವುದೆಂದರೆ ಏನರ್ಥ? ಅಳಿಯನು ಬೆರಳು ಮಡಿಸಿ ಎಣಿಸತೊಡಗಿದನು.

ಯು.ಟಿ.ಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು; ಖಾಲಿ ಜಾಗಕ್ಕೆ 1 ಬೈಟು ಸಾಕು. 'ಕಾಸರಗೋಡು' ಎಂಬಲ್ಲಿ ಕ, ಇಳಿ, ಸ, ರ, ಗ, ಓತ್ವ, ಡ, ಕೊಂಬು ಹೀಗೆ 8 ಸಂಕೇತಗಳು, 24 ಬೈಟುಗಳು. 'ರಾಯದುರ್ಗ' ಎಂಬಲ್ಲಿಯೂ 8 ಸಂಕೇತಗಳು, 24 ಬೈಟುಗಳು. 'ಜತ್ತ' ಎಂಬಲ್ಲಿ 4 ಸಂಕೇತಗಳು, 12 ಬೈಟುಗಳು. ಈ ಮೂರೂ 4ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಆದ್ದರಿಂದ ಅವುಗಳ ಮುಂದಿನ ಮೊತ್ತ ವಠಾರದ ಮೊದಲ ಮನೆಯಲ್ಲೇ ಆರಂಭವಾಗುತ್ತದೆ. 'ಆದೋನಿ' ಎಂಬಲ್ಲಿ ಆ, ದ, ಓತ್ವ, ನ, ಗುಡಿಸು, ಒಟ್ಟು 5 ಸಂಕೇತಗಳು, 15 ಬೈಟುಗಳು. ಮೊತ್ತವು 15ನೆಯ ಮನೆಯಲ್ಲಿ ಆರಂಭವಾಗಿ ಗಡಿಯನ್ನು ದಾಟುತ್ತದೆ. ಒಂದು ಖಾಲಿ ಜಾಗ ಸೇರಿದರೆ 16 ಆಗುತ್ತದೆ. ಮೊತ್ತ ಸಾಲಿಗೆ ಬರುತ್ತದೆ. ದೋಷವಿದ್ದುದು ಅಕ್ಕೋರ ಬೆರಳಿನಲ್ಲಲ್ಲ. ಅವರ ಊರಿನ ಹೆಸರಿಗೆ ಎಷ್ಟು ಅಕ್ಷರಗಳೆಂಬುದನ್ನು ಪ್ರೋಗ್ರಾಮು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇನ್ನು ಆ 321 ಕೋಟಿ ಎಲ್ಲಿಂದ ಬಂತು? ಹೊಸ ಯಂತ್ರದಲ್ಲಿದ್ದುದು ಆರ್ಮ್ ಜಾತಿಯ, ಐದನೆಯ ಆವೃತ್ತಿಯ ಪ್ರೊಸೆಸರ್. ಆ ಕಾಲದ ಆರ್ಮ್ ಪ್ರೊಸೆಸರಿಗೆ "15ನೆಯ ಮನೆಯಿಂದ ನಾಲ್ಕು ಬೈಟು ತಾ" ಎಂದು ಹೇಳಿದರೆ ಅದು 12ರಿಂದ 15ರವರೆಗಿನ ಒಂದೇ ವಠಾರವನ್ನು ಎತ್ತಿಕೊಂಡು, ಕೇಳಿದ ಬೈಟು ಮೊದಲಿಗೆ ಬರುವಂತೆ ಉಳಿದವನ್ನು ಸುತ್ತಿ ತಿರುಗಿಸಿ ಕೊಡುತ್ತಿತ್ತು. ಅದರ ಕೈಪಿಡಿಯಲ್ಲಿ ಬರೆದಿದ್ದ ನಡತೆಯೇ ಅದು. 500 ಎಂದರೆ ಒಂದು 256 ಮತ್ತು 244. ಮೊದಲ ಬೈಟಾದ 244 ಸರಿಯಾಗಿ ಬಂತು. ಮಿಕ್ಕ ಮೂರು ಬೈಟುಗಳ ಸ್ಥಾನದಲ್ಲಿ 12, 13, 14ನೆಯ ಮನೆಗಳಲ್ಲಿದ್ದವರು ಬಂದು ಕುಳಿತರು. ಅವರು ಯಾರು? 'ನಿ' ಅಕ್ಷರದ ಗುಡಿಸು! ಅದರ ಬೈಟುಗಳು ಕ್ರಮವಾಗಿ 224, 178, 191. ಈ ನಾಲ್ಕನ್ನು ಒಂದು ಸಂಖ್ಯೆಯಾಗಿ ಜೋಡಿಸಿದರೆ ನೆಟ್ಟಗೆ 321,61,71,252 ಬರುತ್ತದೆ. ಆದೋನಿಯ ಎಲ್ಲ ಮನೆಗಳಿಗೂ ಒಂದೇ ಗುಡಿಸು. ಆದ್ದರಿಂದಲೇ ಎಲ್ಲರ ಹೆಸರಿನ ಮುಂದೆಯೂ ಅದೇ ಕೋಟಿ, ಅದೇ ಲಕ್ಷ, ಅದೇ ಸಾವಿರ. ಕೊನೆಯ ಮೂರು ಅಂಕಿಗಳು ಮಾತ್ರ ಬೇರೆ. ಊರಿನ ಹೆಸರಿನ ಕೊನೆಯ ಗುಡಿಸು ಊರಿನವರ ಹಣದೊಳಗೆ ನುಗ್ಗಿತ್ತು. ನಾವು ಮೊದಲು ಹೇಳಿದ ಮೂರನೆಯ ಗುಮಾಸ್ತನ ವರ್ತನೆ ಇದೇ: ಅರ್ಧ ನಮ್ಮದು, ಅರ್ಧ ನೆರೆಯವರದು, ಮೇಲೆ ಮೊಹರು.

ಹಳೆಯ ಯಂತ್ರದಲ್ಲಿ ಈ ಅನರ್ಥ ಕಾಣಿಸಿಕೊಳ್ಳದಿದ್ದುದಕ್ಕೆ ಕಾರಣ, ಅದು ಇಂಟೆಲ್ ವಂಶದ್ದು. 1978ರಲ್ಲಿ ಬಂದ 8086 ಎಂಬ ಮೂಲಪುರುಷನಿಂದಲೂ ಆ ವಂಶದವರದು ಮೊದಲ ಗುಮಾಸ್ತನ ಸ್ವಭಾವ. 8086 ಎರಡೆರಡು ಬೈಟುಗಳನ್ನು ಒಟ್ಟಿಗೆ ಎತ್ತುತ್ತಿತ್ತು. ಬೆಸ ನಂಬರಿನ ಮನೆಯಿಂದ ಆರಂಭವಾದ ಜೋಡಿಯನ್ನು ಕೇಳಿದರೆ ಎರಡು ಸಲ ಹೋಗಿ ಬಂದು, ನಾಲ್ಕು ಗಡಿಯಾರ-ಮಿಡಿತಗಳಷ್ಟು ತಡವಾಗಿಯಾದರೂ ಸರಿಯಾದ ಸಂಖ್ಯೆಯನ್ನೇ ಒಪ್ಪಿಸುತ್ತಿತ್ತು. ಬಾಗಿಲಲ್ಲೇ ತಡೆಯುವ ಎರಡನೆಯ ಗುಮಾಸ್ತರ ಸಂತತಿಯೂ ದೊಡ್ಡದು. 1964ರಲ್ಲಿ ಐ.ಬಿ.ಎಂ. ಪ್ರಕಟಿಸಿದ ಸಿಸ್ಟಮ್/360 ಯಂತ್ರಗಳಲ್ಲಿ ನಾಲ್ಕು ಬೈಟಿನ ಸಂಖ್ಯೆ 4ರ ಅಪವರ್ತ್ಯವಾದ ವಿಳಾಸದಲ್ಲೇ ಇರಬೇಕಿತ್ತು; ಇಲ್ಲವಾದರೆ ಪ್ರೋಗ್ರಾಮಿಗೆ ತಡೆ. 1970ರ ಸಿಸ್ಟಮ್/370 ಈ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. 1979ರ ಮೊಟೊರೋಲಾ 68000 ಬೆಸ ವಿಳಾಸವನ್ನು ಒಪ್ಪುತ್ತಿರಲಿಲ್ಲ. 1984ರ 68020 ಅದನ್ನು ಒಪ್ಪಿತು. ಸ್ಪಾರ್ಕ್ ಯಂತ್ರಗಳಲ್ಲಿ ಇಂಥ ಓದಿಗೆ ಹೊರಟ ಪ್ರೋಗ್ರಾಮು ಸಾಮಾನ್ಯವಾಗಿ ಅಲ್ಲೇ ಮುಗಿದುಹೋಗುತ್ತಿತ್ತು. ತಡೆಯುವುದು ಒರಟುತನವೆಂದು ತೋರಬಹುದು. ಆದರೆ ತಡೆದವನು ಸುಳ್ಳು ಲೆಕ್ಕ ಕೊಡುವುದಿಲ್ಲ. ನಮ್ಮ ಪ್ರೋಗ್ರಾಮು ಅಂಥ ಯಂತ್ರದಲ್ಲಿ ಓಡಿದ್ದರೆ ಮೊದಲ ಆದೋನಿ ಮನೆಯಲ್ಲೇ ನಿಂತು, ಯಾರ ಮೇಲೂ ಸಂಶಯ ಬರುತ್ತಿರಲಿಲ್ಲ.

ಮಧ್ಯಮಮಾರ್ಗದವರೂ ಉಂಟು. 1980ರ ದಶಕದ ಮಿಪ್ಸ್ ಪ್ರೊಸೆಸರುಗಳು ಗಡಿಯಾಚೆಯ ಪಾಲನ್ನು ತರಲು ಒಂದು, ಈಚೆಯ ಪಾಲನ್ನು ತರಲು ಒಂದು, ಹೀಗೆ ಎರಡು ಪ್ರತ್ಯೇಕ ಆಜ್ಞೆಗಳನ್ನೇ ಇಟ್ಟುಕೊಂಡಿದ್ದವು. 1992ರ ಆಲ್ಫಾ ಪ್ರೊಸೆಸರಿನಲ್ಲಿ ಸಾಲು ತಪ್ಪಿದ ಓದು ಬಂದರೆ ಕೆಲಸ ನಿಂತು, ಮೇಲ್ವಿಚಾರಕನಾದ ಆಪರೇಟಿಂಗ್ ಸಿಸ್ಟಮಿಗೆ ಕರೆ ಹೋಗುತ್ತಿತ್ತು; ಅದು ಬಂದು ಎರಡು ಪಾಲುಗಳನ್ನು ಜೋಡಿಸಿಕೊಡಬಲ್ಲದು, ಆದರೆ ಬಹಳ ನಿಧಾನ. ಆರ್ಮ್ ವಂಶವೂ ಆರನೆಯ ಆವೃತ್ತಿಯಿಂದ ಈಚೆಗೆ ಸಾಮಾನ್ಯ ಓದುಗಳಲ್ಲಿ ಗಡಿಯ ಅಂಕಿಯನ್ನು ತಾನೇ ಜೋಡಿಸಿಕೊಡತೊಡಗಿತು. ಇಂದಿನ ಕೈಫೋನುಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣದಿರುವುದು ಅದರಿಂದಲೇ. ಹಾಗೆಂದು ಮೈಮರೆಯುವಂತಿಲ್ಲ. ರಿಸ್ಕ್-ಫೈವ್ ಎಂಬ ಮುಕ್ತ ಪದ್ಧತಿಯಲ್ಲಿ, ಮದರಾಸಿನ ಐ.ಐ.ಟಿ.ಯ 'ಶಕ್ತಿ' ಪ್ರೊಸೆಸರುಗಳು ಅನುಸರಿಸುವುದೂ ಈ ಪದ್ಧತಿಯನ್ನೇ, ಇಂಥ ಓದನ್ನು ಯಂತ್ರವೇ ನಿಭಾಯಿಸಬೇಕೋ ಮೇಲ್ವಿಚಾರಕನಿಗೆ ಒಪ್ಪಿಸಬೇಕೋ ಎಂಬುದನ್ನು ಪ್ರೊಸೆಸರ್ ಕಟ್ಟುವವರ ಇಚ್ಛೆಗೆ ಬಿಡಲಾಗಿದೆ. ಉದಾರಿಯಾದ ಇಂಟೆಲ್ ವಂಶದಲ್ಲೂ 1999ರಿಂದ ಬಂದ, 16 ಬೈಟುಗಳನ್ನು ಒಟ್ಟಿಗೆ ಎತ್ತುವ ಕೆಲವು ಆಜ್ಞೆಗಳು ಸಾಲು ತಪ್ಪಿದರೆ ಕಟ್ಟುನಿಟ್ಟಾಗಿ ತಡೆಯುತ್ತವೆ.

ನಮ್ಮ ಯಂತ್ರದಲ್ಲಿ ಓಡುತ್ತಿದ್ದ ಲಿನಕ್ಸ್ ವ್ಯವಸ್ಥೆಯು ಇಂಥ ಓದುಗಳ ಒಂದು ಎಣಿಕೆಯನ್ನು ಇಟ್ಟಿರುತ್ತದೆಂದು ಅಳಿಯನಿಗೆ ಆಮೇಲೆ ತಿಳಿಯಿತು. ವರದಿಯನ್ನು ಓಡಿಸಿದಾಗಲೆಲ್ಲ ಆ ಎಣಿಕೆ ಏರುತ್ತಿತ್ತು. ಅದಕ್ಕೆ ಒಂದು ಸೂಚನೆ ಕೊಟ್ಟರೆ ಸಾಕು, ಅದು ತಾನೇ ಅಂಕಿಗಳನ್ನು ಸರಿಪಡಿಸಿ ಕೊಡುತ್ತದೆ. ಅವನು ಪರೀಕ್ಷೆಗಾಗಿ ಹಾಗೆ ಮಾಡಿ ನೋಡಿದನು. ಆದೋನಿಯ ಲೆಕ್ಕ ಸರಿಯಾಗಿ ಬಂತು. ಆದರೆ ಇದು ಪರಿಹಾರವಲ್ಲ, ಮೇಲಧಿಕಾರಿಯ ದಯೆ. ನಾಳೆ ಇನ್ನೊಂದು ಯಂತ್ರಕ್ಕೆ ಹೋದಾಗ ಆ ದಯೆ ಇರುತ್ತದೆಂಬ ಭರವಸೆ ಏನು?

ನಿಜವಾದ ಪರಿಹಾರಗಳು ಎರಡು. ಮೊದಲನೆಯದು, ಸಂಖ್ಯೆ ಎಲ್ಲಿಯೇ ಕುಳಿತಿರಲಿ, ಅದರ ನಾಲ್ಕು ಬೈಟುಗಳನ್ನು ಒಂದೊಂದಾಗಿ ಎತ್ತಿ ಸಾಲಿಗೆ ಬಂದ ಬೇರೊಂದು ಜಾಗದಲ್ಲಿ ಕೂರಿಸಿ, ಅಲ್ಲಿ ಓದುವುದು. ಸಿ ಭಾಷೆಯಲ್ಲಿ ಇದಕ್ಕೆ ಮೆಮ್‌ಕಾಪಿ ಎಂಬ ಸಿದ್ಧ ಸಲಕರಣೆಯೇ ಇದೆ. ಇದರಿಂದ ವೇಗ ಕುಂದೀತೆಂದು ಹೆದರಬೇಕಾಗಿಲ್ಲ. ಗಡಿಯ ಓದನ್ನು ಒಪ್ಪುವ ಪ್ರೊಸೆಸರಾದರೆ ಇಂದಿನ ಕಂಪೈಲರುಗಳು ಈ ಪ್ರತಿಯನ್ನು ಒಂದೇ ಆಜ್ಞೆಯಾಗಿ ಮಾರ್ಪಡಿಸುತ್ತವೆ. ವಿಳಾಸವನ್ನು ಒತ್ತಾಯದಿಂದ ಸಂಖ್ಯೆಯ ವಿಳಾಸವೆಂದು ಘೋಷಿಸಿ ನೇರವಾಗಿ ಓದುವುದಾದರೆ, ಏನಾಗುವುದೆಂಬುದಕ್ಕೆ ಸಿ ಭಾಷೆಯ ನಿಯಮವೇ ಯಾವ ಹೊಣೆಯನ್ನೂ ಹೊರುವುದಿಲ್ಲ. ಎರಡನೆಯದು, ಬರೆಯುವಾಗಲೇ ತೆರಪು ಬಿಡುವುದು. ಕಂಪೈಲರು ತಾನಾಗಿ ಹೀಗೆ ಮಾಡುತ್ತದೆ: ಒಂದು ಬೈಟಿನ ಅಕ್ಷರದ ಮುಂದೆ ನಾಲ್ಕು ಬೈಟಿನ ಸಂಖ್ಯೆ ಬಂದರೆ ನಡುವೆ ಮೂರು ಮನೆಗಳನ್ನು ಖಾಲಿ ಬಿಡುತ್ತದೆ. ಯಂತ್ರಗಳ ನಡುವಣ ಜಾಲದಲ್ಲೂ ಇದೇ ಉಪಾಯವಿದೆ. ಈಥರ್‌ನೆಟ್ ತಂತಿಯಲ್ಲಿ ಬರುವ ಪ್ರತಿ ಕಟ್ಟಿನ ತಲೆಬರಹ 14 ಬೈಟು. ಅದರ ಹಿಂದೆಯೇ ಬರುವ ವಿಳಾಸಗಳು ಆದ್ದರಿಂದ ಸಾಲು ತಪ್ಪುತ್ತವೆ. ಲಿನಕ್ಸಿನಲ್ಲಿ ಬೇಕಾದ ಕಡೆ ಮೊದಲಿಗೆ 2 ಬೈಟುಗಳನ್ನು ಬರಿದೆ ಬಿಟ್ಟು 16 ಮಾಡಿಕೊಳ್ಳುತ್ತಾರೆ. ಅಕ್ಕೋರ ಒಂದು ಸಾಲಿನಲ್ಲಿ ಆಕಸ್ಮಿಕವಾಗಿ ಬಿದ್ದ ಖಾಲಿ ಜಾಗ ಮಾಡಿದ ಉಪಕಾರವೂ ಇದೇ ಜಾತಿಯದು.

ಅಳಿಯನು ಎರಡನ್ನೂ ಕೈಗೊಂಡನು. ಓದುವಲ್ಲಿ ಬೈಟುಗಳನ್ನು ಬಿಡಿಯಾಗಿ ಎತ್ತುವಂತೆ ತಿದ್ದಿದನು. ಹೊಸದಾಗಿ ಬರೆಯುವ ಲೆಕ್ಕಗಳಲ್ಲಿ ಮೊತ್ತಕ್ಕೆ ಊರಿನ ಹೆಸರಿಗಿಂತ ಮುಂಚೆ, ಸ್ಥಾನದ ಮೊದಲ ಮನೆಯಲ್ಲೇ ಜಾಗ ಕೊಟ್ಟನು. ಮುಂದಿನ ಸಭೆಯಲ್ಲಿ ಕಾರಣವನ್ನು ಎಲ್ಲರ ಎದುರಿಗೆ ಬಿಡಿಸಿ ಹೇಳಿ, ಆದೋನಿಯ ಲೆಕ್ಕ ಮೊದಲಿನಿಂದಲೂ ಶುದ್ಧವಾಗಿತ್ತೆಂದು ನಡವಳಿ ಪುಸ್ತಕದಲ್ಲಿ ಬರೆಯಿಸಲಾಯಿತು. ವಹಿಯನ್ನು ತರುಣರಿಗೆ ವಹಿಸಬೇಕೆಂದಿದ್ದವರೇ ಎದ್ದು ನಿಂತು ಅದಕ್ಕೆ ಅನುಮೋದನೆ ಕೊಟ್ಟರು. ಅಕ್ಕೋರು ಇನ್ನೂ ಐದು ವರ್ಷ ಆ ವಹಿಯನ್ನು ನೋಡಿಕೊಂಡರು. ಕಣ್ಣು ಮಂಜಾದ ಮೇಲೆ ತಾವಾಗಿಯೇ ಮೊಮ್ಮಗಳ ಕೈಗೆ ಕೊಟ್ಟರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮಲ್ಲಿದೆ. ಯಂತ್ರಗಳು ಮನೆಮನೆಗೆ ಬಂದ ಮೇಲೆ ಇಂಥ ಬರೆಗೆ ಅವಕಾಶ ಹೆಚ್ಚಿದೆ. ಏಕೆಂದರೆ ಯಂತ್ರ ಹೇಳಿದ್ದು ತಪ್ಪಿರಲಾರದೆಂಬ ನಂಬಿಕೆಯೂ ಹೆಚ್ಚಿದೆ. ಪಡಿತರದ ಪಟ್ಟಿಯಲ್ಲೋ ಪಿಂಚಣಿಯ ಪಟ್ಟಿಯಲ್ಲೋ ಒಬ್ಬರ ಹೆಸರಿನ ಮುಂದೆ ಅಸಂಗತವಾದುದು ಕಂಡಾಗ, ಬರೆದವರನ್ನು ಕೇಳುವುದರ ಜೊತೆಗೆ ಓದಿದ್ದು ಹೇಗೆಂದೂ ಕೇಳಬೇಕು. ಪ್ರೋಗ್ರಾಮು ಬರೆಯುವ ನಮ್ಮ ಮಕ್ಕಳು, ತಮ್ಮ ಮೇಜಿನ ಯಂತ್ರವೊಂದರಲ್ಲಿ ಸರಿಯಾಗಿ ನಡೆದದ್ದು ಎಲ್ಲೆಡೆಯೂ ನಡೆದೀತೆಂದು ತಿಳಿಯದೆ, ಬೇರೆ ಜಾತಿಯ ಪ್ರೊಸೆಸರಿನ ಮೇಲೆ ಒಮ್ಮೆಯಾದರೂ ಓಡಿಸಿ ನೋಡಲಿ. ಪರೀಕ್ಷೆಗೆ ಇಟ್ಟುಕೊಳ್ಳುವ ಹೆಸರುಗಳಲ್ಲಿ ನಾಲ್ಕರಿಂದ ಭಾಗವಾಗದ ಊರುಗಳೂ ಇರಲಿ. ತಾಳವಾಡಿಗೆ 7 ಸಂಕೇತಗಳು, ಹೊಸೂರಿಗೆ 6, ಸೊಲ್ಲಾಪುರಕ್ಕೆ 9. ಹುಡುಕಿದರೆ ಗಡಿನಾಡಿನಲ್ಲಿ ಅಂಥ ಊರುಗಳಿಗೇನೂ ಕೊರತೆಯಿಲ್ಲ.